ಹುಲ್ಲಿನ ಟೋಪಿಯ ಕಡಲಕುದುರೆ

ಸ್ಕಟಲ್‌ಬಿ ಪಟ್ಟಣಕ್ಕೆ ಲಂಡನ್ನಿನಿಂದ ಲಾಂಛನ ಬರುತ್ತದೆ ಎಂದು ಗೊತ್ತಾದ ದಿನದಿಂದ ಮೇಯರ್ ಹರ್ಬರ್ಟ್ ಬಾರಿಲ್ ಸರಿಯಾಗಿ ನಡೆಯುವುದನ್ನೇ ಮರೆತಿದ್ದ. ಎದೆ ಮುಂದೆ, ಹೊಟ್ಟೆ ಅದಕ್ಕೂ ಮುಂದೆ, ಎರಡರ ಹಿಂದೆ ಮೇಯರ್ ಎಂಬಂತೆ ಬೀದಿಯಲ್ಲಿ ಬರುತ್ತಿದ್ದ. ಹಂದಿಮಾಂಸದ ಅಂಗಡಿ ಇಟ್ಟುಕೊಂಡ ಮನುಷ್ಯನಿಗೆ ಇಷ್ಟು ಗತ್ತು ಎಲ್ಲಿಂದ ಬಂತಪ್ಪಾ ಎಂದು ಐವಿ ಗ್ರಮಿಟ್ ತಲೆ ಕೆಡಿಸಿಕೊಂಡಿದ್ದಳು. ಲಾಂಛನವೆಂದರೆ ಏನು ಮಹಾ? ಒಂದು ಗುರಾಣಿಯ ಚಿತ್ರ, ಅದರೊಳಗೆ ಒಂದು ಪ್ರಾಣಿ, ಕೆಳಗೆ ಯಾರಿಗೂ ಓದಲು ಬಾರದ ಲ್ಯಾಟಿನ್ನಿನ ಎರಡು ಮಾತು. ಅದಿಲ್ಲದೆಯೇ ಸ್ಕಟಲ್‌ಬಿಯ ಜನ ಇನ್ನೂರು ವರ್ಷದಿಂದ ಉಂಡು ತಿಂದು ಕಡಲಿನಲ್ಲಿ ಕಾಲು ತೊಳೆದುಕೊಂಡು ಚೆನ್ನಾಗಿಯೇ ಇದ್ದರು.

ಐವಿಗೆ ಐವತ್ತೆಂಟು ವರ್ಷ. ಗಂಡ ಹೋಗಿ ಹನ್ನೆರಡು ವರ್ಷ. ಐದು ಕತ್ತೆಗಳನ್ನು ಕಟ್ಟಿಕೊಂಡು, ಬೇಸಿಗೆಯಲ್ಲಿ ಊರೂರುಗಳಿಂದ ಬರುವ ಮಕ್ಕಳನ್ನು ಮರಳದಂಡೆಯ ಮೇಲೆ ಆ ತುದಿಯಿಂದ ಈ ತುದಿಗೆ ಸವಾರಿ ಮಾಡಿಸುತ್ತ ಮೂವತ್ತೊಂದು ವರ್ಷ ಕಳೆದಿದ್ದಳು. ಕತ್ತೆಗಳೆಂದರೆ ಗ್ಲಾಡಿಸ್, ಮರ್ಟಲ್, ಕ್ಯಾಪ್ಟನ್, ಬಿಸ್ಕತ್ತು ಮತ್ತು ಎಲ್ಲರಿಗಿಂತ ಕಿರಿಯಳಾದ ಎನಿಡ್. ಐದಕ್ಕೂ ಕಿವಿ ತೂರಿಸಲು ತೂತು ಮಾಡಿದ ಹುಲ್ಲಿನ ಟೋಪಿಗಳು. ಗ್ಲಾಡಿಸ್‌ಳ ಟೋಪಿಗೆ ಮಾತ್ರ ಒಂದು ಬಟ್ಟೆಯ ಹೂವು, ಯಾಕೆಂದರೆ ಅದಿಲ್ಲದಿದ್ದರೆ ಅವಳು ಹೊರಡುತ್ತಿರಲಿಲ್ಲ.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಮೇಯರ್ ಮರಳಿನ ಮೇಲೆ ಬೂಟು ಹೂತುಕೊಳ್ಳುತ್ತ ಅವಳ ಹತ್ತಿರ ಬಂದ. ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರು, ಹಾಗಾಗಿ ಬಹುವಚನದ ತಾಪತ್ರಯ ಇರಲಿಲ್ಲ.

"ನೋಡು ಐವಿ, ಬೇಜಾರ್ ಮಾಡ್ಕೋಬೇಡ. ಲಾಂಛನ ಬರೋ ಊರು ಇದು. ರಾಜರ ಮುದ್ರೆ ಬಿದ್ದಿರೋ ಊರಲ್ಲಿ ಮರಳಿನ ಮೇಲೆ ಲದ್ದಿ ಇದ್ರೆ ಚೆನ್ನಾಗಿರತ್ತಾ ಹೇಳು?"

"ಮೂವತ್ತೊಂದು ವರ್ಷದಿಂದ ಇದೆಯಲ್ಲೋ. ನಿನ್ ಗುಲಾಬಿ ಗಿಡಕ್ಕೆ ಬುಟ್ಟಿಗಟ್ಟಲೆ ಹೊತ್ಕೊಂಡ್ ಹೋಗ್ವಾಗ ಚೆನ್ನಾಗಿತ್ತಾ?"

"ಅದು ಗೊಬ್ಬರ. ಇದು ಲದ್ದಿ. ವ್ಯತ್ಯಾಸ ಇದೆ."

"ಏನು ವ್ಯತ್ಯಾಸ?"

"ಪುರಸಭೆಲಿ ಠರಾವು ಆಗಿದೆ," ಎಂದ ಮೇಯರ್, ಕಡಲಿನ ಕಡೆ ಮುಖ ತಿರುಗಿಸಿ. "ಮೇ ತಿಂಗಳ ಕೊನೇ ಶನಿವಾರ ಲಾಂಛನದ ಸಮಾರಂಭ. ಅದಾದ ಸೋಮವಾರದಿಂದ ದಂಡೆ ಮೇಲೆ ಕತ್ತೆ ಇರೋ ಹಾಗಿಲ್ಲ. ಬಟ್ಟೆಕುರ್ಚಿ ಹಾಕಿಸ್ತೀವಿ. ಪಟ್ಟೆಪಟ್ಟೆದು."

ಈ ದಂಡೆ ಬಿಟ್ಟರೆ ಕತ್ತೆಗಳಿಗೆ ಬೇರೆ ಕೆಲಸವಿಲ್ಲ, ಕೆಲಸವಿಲ್ಲದ ಐದು ಕತ್ತೆಗಳನ್ನು ಸಾಕುವಷ್ಟು ದುಡ್ಡು ಐವಿಯ ಕೈಯಲ್ಲಿಲ್ಲ. ಊರೂರು ತಿರುಗಿ ಕೇಳಿದಳು. ಮುದಿ ಕತ್ತೆ ಯಾರಿಗೆ ಬೇಕು? ಕೊನೆಗೆ ಕೊಳ್ಳುತ್ತೇನೆಂದವನು ಒಬ್ಬನೇ, ಮುದಿ ಪ್ರಾಣಿಗಳನ್ನು ಕೊಂದು ಚರ್ಮ, ಮೂಳೆ ಕುದಿಸಿ ಅಂಟು ಮಾಡುವ ಕಾರ್ಖಾನೆಯವನು. ಸೋಮವಾರ ಬೆಳಿಗ್ಗೆ ಲಾರಿ ತರುತ್ತೇನೆ ಎಂದಿದ್ದ. ಆವತ್ತಿನಿಂದ ಐವಿ ಕತ್ತೆಗಳ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದನ್ನು ಬಿಟ್ಟಳು. ಮೈ ತಿಕ್ಕುವಾಗ ಬಾಲದ ಕಡೆಯೇ ನಿಂತು ತಿಕ್ಕುತ್ತಿದ್ದಳು, ಮುಖದ ಕಡೆಗೆ ಹೋಗಲು ಧೈರ್ಯ ಬರುತ್ತಿರಲಿಲ್ಲ.

ಇದಕ್ಕೂ ಮೊದಲೇ ಪುರಸಭೆಯಲ್ಲಿ ಲಾಂಛನದ ಮೇಲೆ ಯಾವ ಪ್ರಾಣಿ ಇರಬೇಕೆಂದು ಆರು ವಾರ ಜಗಳ ನಡೆದಿತ್ತು. ಮೀನಿನ ಅಂಗಡಿಯವನಿಗೆ ಸೀಗಡಿ ಬೇಕು. ಪಾದ್ರಿಗೆ ಇಗರ್ಜಿಯ ಗಂಟೆ ಬೇಕು. ಹೋಟೆಲಿನ ಯಜಮಾನಿಗೆ ಅವಳ ಹೋಟೆಲೇ ಬೇಕು, ಕಿಟಕಿಗಳ ಸಮೇತ. ಆದರೆ ನಾಲ್ಕು ಮೈಲಿ ಆಚೆಗಿನ ಟಡಲ್‌ಸೀ ಊರಿನ ಲಾಂಛನದಲ್ಲಿ ಏಡಿ ಇತ್ತು, ಅದನ್ನು ಮೀರಿಸುವಂಥದ್ದು ಬೇಕೆಂದು ಮೇಯರ್ ಹಟ ಹಿಡಿದ. ಟಡಲ್‌ಸೀ ಎಂದರೆ ಅವನಿಗೆ ಆಗುತ್ತಲೇ ಇರಲಿಲ್ಲ. ಅಲ್ಲಿಯ ಮೇಯರ್ ಸೆಪ್ಟಿಮಸ್ ಲೀಕ್ ಕೂಡ ಹಂದಿಮಾಂಸದ ವ್ಯಾಪಾರಿ, ಅವನ ಸಾಸೇಜು ಚೆನ್ನಾಗಿರುತ್ತದೆ ಎಂದು ಸ್ಕಟಲ್‌ಬಿಯವರೇ ಕದ್ದು ಹೋಗಿ ತರುತ್ತಿದ್ದರು.

ಕೊನೆಗೆ ಗೆದ್ದದ್ದು ಕಡಲಕುದುರೆ. ಲಾಂಛನದ ಭಾಷೆಯಲ್ಲಿ ಕಡಲಕುದುರೆ ಎಂದರೆ ಸೊಂಟದವರೆಗೆ ಕುದುರೆ, ಸೊಂಟದಿಂದ ಕೆಳಗೆ ಮೀನು. ಕತ್ತು ಬಗ್ಗಿಸಿ, ಕೇಸರ ಹಾರಿಸಿ, ಅಲೆಯಿಂದ ಚಿಮ್ಮುವ ಭರ್ಜರಿ ಪ್ರಾಣಿ. ಕೆಳಗೆ ಲ್ಯಾಟಿನ್ನಿನಲ್ಲಿ 'ಸದಾ ಮುಂದಕ್ಕೆ'. ಲಂಡನ್ನಿನ ಲಾಂಛನದ ಕಚೇರಿಗೆ ಅರ್ಜಿ ಹೋಯಿತು.

ಆ ಕಚೇರಿಯ ರಿವಾಜು ಒಂದಿದೆ. ಅಲ್ಲಿ ಎಲ್ಲವೂ ಮಾತಿನ ಮೇಲೆ ನಡೆಯುತ್ತದೆ. ಏನು ಬೇಕೆಂದು ಅಕ್ಷರದಲ್ಲಿ ಬರೆದುಕೊಡಬೇಕು, ಚಿತ್ರಕಾರ ಆ ಅಕ್ಷರಕ್ಕೆ ತಕ್ಕ ಹಾಗೆ ಬರೆಯಬೇಕು. ಅಲ್ಲಿಂದ ಪುರಸಭೆಯ ಗುಮಾಸ್ತ ಓಡ್ಲಿಂಗನಿಗೆ ಒಂದು ಪತ್ರ ಬಂತು: ನಿಮ್ಮ ಊರಿನ ಕಡಲಕುದುರೆಗೆ ವಿಶೇಷ ಲಕ್ಷಣಗಳೇನಾದರೂ ಉಂಟೆ? ಚಿತ್ರವಿದ್ದರೆ ಕಳುಹಿಸಿ. ಓಡ್ಲಿಂಗ್ ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುವ ಮನುಷ್ಯ. 'ಬಾಗಿಲು ನೋಡ್ಕೋ' ಎಂದರೆ ಸಂಜೆಯ ತನಕ ಬಾಗಿಲನ್ನೇ ನೋಡುತ್ತ ಕೂರುವ ಪೈಕಿ. ಅವನು ನೇರವಾಗಿ ದಂಡೆಗೆ ಬಂದು, ಐವಿ ಬಂದವರಿಗೆ ಮಾರಲು ತನ್ನ ಗಾಡಿಗೆ ನೇತುಹಾಕಿದ್ದ, ಕತ್ತೆಗಳ ಚಿತ್ರದ ಅಂಚೆಕಾರ್ಡುಗಳಲ್ಲಿ ಒಂದನ್ನು ಕಿತ್ತುಕೊಂಡ.

"ಇದೊಂದು ಕೊಡಮ್ಮಾ ಐವಿ. ಲಂಡನ್ನಿಗೆ ಕಳಿಸ್ಬೇಕು."

"ಯಾರಿಗೆ, ನಿನ್ ಚಿಕ್ಕಮ್ಮಂಗಾ?"

"ಇಲ್ಲ, ಸರ್ಕಾರಿ ಕೆಲಸ," ಎಂದು ಅವನು ಗಂಭೀರವಾಗಿ ಹೇಳಿ ಹೋದ. ಐವಿ ಅದನ್ನು ಅಲ್ಲಿಗೇ ಮರೆತಳು. ಅವಳಿಗೆ ಅವಳದೇ ಸಾಕಷ್ಟಿತ್ತು.

ಮೇ ತಿಂಗಳ ಕೊನೆಯ ಶನಿವಾರ ಬಂದೇಬಿಟ್ಟಿತು. ದಂಡೆಯ ಮೇಲೆ ವೇದಿಕೆ, ವೇದಿಕೆಗೆ ಹೂವಿನ ಸರ, ಪಕ್ಕದಲ್ಲಿ ಬ್ಯಾಂಡು. ಊರಿಗೆ ಊರೇ ಸೇರಿತ್ತು. ಮುಂದಿನ ಸಾಲಿನಲ್ಲಿ ಟಡಲ್‌ಸೀಯ ಮೇಯರ್ ಲೀಕ್, ಕಾಲ ಮೇಲೆ ಕಾಲು ಹಾಕಿಕೊಂಡು, ಕರೆದಿದ್ದೀರಲ್ಲ ನೋಡೋಣ ಎಂಬಂತೆ ಕೂತಿದ್ದ. ಲಂಡನ್ನಿನಿಂದ ಲಾಂಛನದ ಅಧಿಕಾರಿ ಸರ್ ಪೆರಿಗ್ರಿನ್ ಸ್ವತಃ ಬಂದಿದ್ದರು. ಕೆಂಪು, ನೀಲಿ, ಚಿನ್ನದ ಕಸೂತಿಯ ನಿಲುವಂಗಿ ತೊಟ್ಟ ಆ ಒಣಕಲು ಮುದುಕರು ಥೇಟ್ ಇಸ್ಪೀಟಿನ ರಾಜನಂತೆ ಕಾಣುತ್ತಿದ್ದರು. ಮೊಹರು ಹಾಕಿದ ಪೆಟ್ಟಿಗೆಯಲ್ಲಿ ಲಾಂಛನ ಅವರ ಜೊತೆಯೇ ಬಂದಿತ್ತು. ಅವರೇ ಅದನ್ನು ಬಿಚ್ಚಿ ಪರದೆಯ ಹಿಂದೆ ತೂಗುಹಾಕಿದ್ದರಿಂದ ಊರಿನವರು ಯಾರೂ ಅದನ್ನು ನೋಡಿರಲಿಲ್ಲ.

ಐವಿ ತನ್ನ ಐದು ಕತ್ತೆಗಳೊಡನೆ ಜನರ ಹಿಂದೆ ನಿಂತಿದ್ದಳು. ಕತ್ತೆಗಳನ್ನು ಆ ದಿನ ತರಬೇಡ ಎಂದು ಮೇಯರ್ ಹೇಳಿಕಳಿಸಿದ್ದ. ಕೊನೆಯ ಶನಿವಾರ, ತರುತ್ತೇನೆ, ಏನು ಕಿತ್ಕೋತಾನೋ ಕಿತ್ಕೊಳ್ಳಲಿ ಎಂದು ಅವಳು ತಂದಿದ್ದಳು.

ಮೇಯರ್ ಎದ್ದು ನಿಂತ. ಲಾಂಛನದ ಮೂಲ ಮತ್ತು ಅರ್ಥವನ್ನು ಜನರಿಗೆ ಓದಿ ಹೇಳುವುದು ಅವನ ಕೆಲಸ. ಒಂಬತ್ತು ಹಾಳೆ ಬರೆದುಕೊಂಡು ಬಂದಿದ್ದ. ಗಂಟಲು ಸರಿಮಾಡಿಕೊಂಡು, ಕೈ ಎತ್ತಿ, ಜನರ ಕಡೆಗೇ ಮುಖ ಮಾಡಿ "ಪರದೆ!" ಎಂದ. ಅವನ ಬೆನ್ನ ಹಿಂದೆ ಪರದೆ ಸರಿಯಿತು.

ಗುರಾಣಿಯ ನಟ್ಟನಡುವೆ, ನೀಲಿ ಅಲೆಗಳ ಮೇಲೆ, ಗ್ಲಾಡಿಸ್.

ಹೌದು, ಗ್ಲಾಡಿಸ್ಸೇ. ಅದೇ ಉದ್ದ ಕಿವಿ, ಎಡಗಿವಿಯ ತುದಿಯಲ್ಲಿ ಅದೇ ಸೀಳು, ಅದೇ ಜೋಲು ತುಟಿ. ತಲೆಯ ಮೇಲೆ ಹುಲ್ಲಿನ ಟೋಪಿ, ಅದಕ್ಕೆ ಹೂವು, ಹೂವಿಗೆ ಚಿನ್ನದ ರೇಕು. ಸೊಂಟದಿಂದ ಕೆಳಗೆ ಮಾತ್ರ ಎರಡು ಸುತ್ತು ಸುರುಳಿಯಾದ, ಹೊಳೆಯುವ ಹುರುಪೆಗಳ, ಭಾರೀ ಮೀನಿನ ಬಾಲ.

ಐವಿ ಬಾಯಿ ತೆರೆದಳು, ಮುಚ್ಚಲು ಮರೆತಳು. ಜನರಲ್ಲಿ ಗುಜುಗುಜು ಎದ್ದಿತು. ಮೇಯರ್ ಅದನ್ನು ಮೆಚ್ಚುಗೆ ಎಂದುಕೊಂಡು ಓದತೊಡಗಿದ.

"ಮಹನೀಯರೇ! ಈ ಪ್ರಾಣಿಯ ಮುಖವನ್ನೊಮ್ಮೆ ನೋಡಿ. ಎಂಥ ಗಾಂಭೀರ್ಯ! ಎಂಥ ಬುದ್ಧಿವಂತಿಕೆ! ನಮ್ಮ ಪುರಸಭೆಯ ಪ್ರತಿಯೊಬ್ಬ ಸದಸ್ಯರ ಮುಖದಲ್ಲೂ ನೀವು ಇದೇ ಕಳೆಯನ್ನು ಕಾಣುವಿರಿ."

ಹಿಂದಿನಿಂದ ಯಾರೋ ಕಿಸಕ್ಕೆಂದರು. ಮೀನಿನ ಅಂಗಡಿಯವನು ಕರವಸ್ತ್ರ ಬಾಯಿಗೆ ತುರುಕಿಕೊಂಡ.

"ಇದನ್ನು ಆರಿಸಿದವನು ನಾನೇ ಎಂದು ಹೇಳಿಕೊಳ್ಳಲು ಹೆಮ್ಮೆಪಡುತ್ತೇನೆ. ಬೆಳಿಗ್ಗೆ ಕನ್ನಡಿಯ ಮುಂದೆ ನಿಂತಾಗಲೆಲ್ಲ ನನಗೆ ಈ ಮುಖವೇ ನೆನಪಾಗುತ್ತದೆ."

ಅಷ್ಟೇ. ಜನ ಬಿದ್ದು ಬಿದ್ದು ನಕ್ಕರು. ಪಾದ್ರಿ ಕುರ್ಚಿಯಿಂದ ಜಾರಿದ. ಲೀಕ್ ಅಂತೂ ಕಣ್ಣಿನಲ್ಲಿ ನೀರು ಸುರಿಸುತ್ತ ತೊಡೆ ತಟ್ಟಿಕೊಳ್ಳುತ್ತಿದ್ದ. ಮೇಯರ್ ಇನ್ನೂ ಎರಡು ಸಾಲು ಓದಿ, ಏನೋ ಎಡವಟ್ಟಾಗಿದೆ ಎನಿಸಿ, ಮೆಲ್ಲಗೆ ಹಿಂದಕ್ಕೆ ತಿರುಗಿದ. ಅವನ ಮುಖ ಇಂಗು ತಿಂದ ಮಂಗನ ಹಾಗಾಯಿತು.

"ಯಾವ ಕತ್ತೆ ಮಾಡಿದ್ ಕೆಲಸ ಇದು!" ಎಂದು ಅರಚಿದ.

ಓಡ್ಲಿಂಗ್ ಕೈ ಎತ್ತಿದ. "ನಾನು ಸಾರ್. ಕಡಲಕುದುರೆ ಚಿತ್ರ ಕಳಿಸಿ ಅಂದಿದ್ರು. ಕಾರ್ಡ್ ಮೇಲೆ ಹಾಗೇ ಬರೆದಿತ್ತು ಸಾರ್. 'ಸ್ಕಟಲ್‌ಬಿಯ ಮರಳದಂಡೆಯ ಕಡಲಕುದುರೆ' ಅಂತ."

"ಅದು ತಮಾಷೆ ಕಾರ್ಡ್ ಕಣೋ!"

"ತಮಾಷೆ ಅಂತ ಬರೆದಿರ್ಲಿಲ್ಲ ಸಾರ್."

ಸರ್ ಪೆರಿಗ್ರಿನ್ ತಮ್ಮ ನಿಲುವಂಗಿಯೊಳಗಿನಿಂದ ಆ ಕಾರ್ಡನ್ನೇ ಹೊರತೆಗೆದರು. ಅದರಲ್ಲಿ ಗ್ಲಾಡಿಸ್ ಟೋಪಿ ಹಾಕಿಕೊಂಡು ಕಡಲಿನ ಹೊಟ್ಟೆಮಟ್ಟದ ನೀರಿನಲ್ಲಿ ನಿಂತಿದ್ದಳು.

"ನೀವು ಬರೆದಿದ್ದು ಕಡಲಕುದುರೆ. ಅದಕ್ಕೆ ಬಾಲ ಹಾಕಿದೀವಿ," ಎಂದರು ಮುದುಕರು. "ಕಳಿಸಿದ್ದು ಈ ಚಿತ್ರ. ಅದಕ್ಕೆ ಕಿವಿ, ಟೋಪಿ ಹಾಕಿದೀವಿ. ನೀರೊಳಗೆ ಏನಿತ್ತು ಅಂತ ನಮಗೇನ್ರೀ ಗೊತ್ತು?"

"ಕತ್ತೆ ಇರ್ಬಹುದು ಅಂತ ಅನುಮಾನನೂ ಬರ್ಲಿಲ್ವಾ ಸ್ವಾಮೀ?" ಎಂದ ಮೇಯರ್.

"ಬಂತು. ಆದ್ರೆ ಊರಿನವರೇ ಕುದುರೆ ಅಂದ್ಮೇಲೆ ಅಲ್ಲ ಅನ್ನೋಕೆ ನಾವ್ಯಾರು? ಒಂದೊಂದು ಊರಲ್ಲಿ ಕುದುರೆ ಒಂದೊಂದು ಥರ ಇರತ್ತೆ."

ವಾಪಸು ತೆಗೆದುಕೊಂಡು ಹೋಗಿ ಎಂದು ಮೇಯರ್ ಕೈ ಮುಗಿದ. ಆಗುವುದಿಲ್ಲವೆಂದಲ್ಲ, ಎಂದರು ಸರ್ ಪೆರಿಗ್ರಿನ್. ಆದರೆ ಯಾಕೆ ವಾಪಸು, ತಪ್ಪು ಯಾರದು ಎಂದು ಎಲ್ಲಾ ಪತ್ರಿಕೆಗಳಲ್ಲೂ ಪ್ರಕಟಣೆ ಹಾಕಬೇಕು, ಊರಿನ ಹೆಸರು, ಮೇಯರನ ಹೆಸರು ಸಮೇತ. ಲೀಕ್ ಮುಂದಿನ ಸಾಲಿನಿಂದ "ನಮ್ಮೂರ್ ಪತ್ರಿಕೇಲೂ ಹಾಕಿ, ಖರ್ಚು ನಂದು!" ಎಂದು ಕೂಗಿದ.

ಮೇಯರಿಗೆ ನೆಲ ಬಿರಿದರೆ ಸಾಕೆನಿಸಿತು. ಓಡ್ಲಿಂಗನಿಗೆ "ನಾಳೆಯಿಂದ ಕಚೇರಿ ಕಡೆ ತಲೆ ಹಾಕ್ಬೇಡ" ಎಂದವನೇ, ವೇದಿಕೆಯಿಂದ ಇಳಿದು, ಜನರನ್ನು ತಳ್ಳಿಕೊಂಡು ಐವಿಯ ಹತ್ತಿರ ಓಡಿಬಂದು, ಅವಳ ಕಿವಿಯಲ್ಲಿ ಪಿಸುಗುಟ್ಟಿದ.

"ಐವಿ, ನನ್ ಮಾನ ಉಳ್ಸು ಮಾರಾಯ್ತಿ. ಮೇಲೆ ಬಂದು ಏನಾದ್ರೂ ಒಂದು ಹಳೇ ಕಥೆ ಹೇಳ್ಬಿಡು. ಈ ಕತ್ತೆ ಮುತ್ತಜ್ಜಿ ಯಾವನೋ ರಾಜನ್ನ ಮುಳುಗೋವಾಗ ಕಾಪಾಡ್ತು, ಅದಕ್ಕೇ ಲಾಂಛನದಲ್ಲಿ ಹಾಕಿದೀವಿ ಅಂತ. ನಾನ್ ಹೇಳಿದ್ರೆ ಯಾರೂ ನಂಬಲ್ಲ. ನೀನ್ ಹೇಳು. ಲಾರಿ ಬರ್ದೇ ಇರೋ ಹಾಗೆ ನಾನ್ ನೋಡ್ಕೋತೀನಿ."

"ಕತ್ತೆಗಳು ಇಲ್ಲೇ ಇರ್ತಾವಾ?"

"ಇರ್ಲಿ, ಇರ್ಲಿ, ಈ ಬೇಸಿಗೆ ಮುಗಿಯೋ ತನಕ ಇರ್ಲಿ."

ಐವಿ ಯೋಚನೆ ಮಾಡುತ್ತ ಕೂರಲಿಲ್ಲ. ಬೇಸಿಗೆ ಮುಗಿಯುವ ತನಕ ಎಂದರೂ ನಾಲ್ಕು ತಿಂಗಳು. ನಾಲ್ಕು ತಿಂಗಳಿಗಾಗಿ ಒಬ್ಬ ರಾಜನನ್ನಲ್ಲ, ಇಡೀ ಅರಮನೆಯನ್ನೇ ಮುಳುಗಿಸಲು ಅವಳು ತಯಾರಿದ್ದಳು. ಕತ್ತೆಗಳನ್ನು ವೇದಿಕೆಯ ಪಕ್ಕಕ್ಕೇ ತಂದು ಬಿಟ್ಟು, ಮೇಲೆ ಹತ್ತಿ, ಮೈಕಿನ ಮುಂದೆ ನಿಂತಳು.

"ಬಹಳ ಹಿಂದೆ ಒಬ್ಬ ರಾಜ ಇದ್ದ," ಎಂದಳು.

"ಯಾವ ರಾಜ?" ಎಂದ ಲೀಕ್.

ಐವಿ ಮೇಯರನ ಹೊಟ್ಟೆ ನೋಡಿದಳು. "ದಪ್ಪ ರಾಜ."

"ಹೆಸರೇನಮ್ಮಾ?"

"ಹೆಸರು... ಅವನಿಗೆ ಹೆಸರು ಇನ್ನೂ ಇಟ್ಟಿರ್ಲಿಲ್ಲ. ಅವನು ದೋಣಿಲಿ ಹೋಗ್ತಿದ್ದ. ಅಲ್ಲ, ನಡ್ಕೊಂಡು ಹೋಗ್ತಿದ್ದ."

"ಸಮುದ್ರದ ಮೇಲಾ?"

ಜನ ಮತ್ತೆ ನಗತೊಡಗಿದರು. ಮೇಯರ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಐವಿಯ ಕಿವಿ ಕೆಂಪಾಯಿತು, ಮೂಗು ಕೆಂಪಾಯಿತು, ಆಮೇಲೆ ಸಿಟ್ಟು ನೆತ್ತಿಗೇರಿತು.

"ಥೂ! ರಾಜನೂ ಇಲ್ಲ, ಮಣ್ಣೂ ಇಲ್ಲ. ಬನ್ನು!" ಎಂದು ಅವಳು ಕೂಗಿದ ರಭಸಕ್ಕೆ ಮೈಕು ಕುಂಯ್ ಎಂದಿತು. "ನಿಮ್ ಲಾಂಛನದ ಮೂಲ ಏನು ಗೊತ್ತಾ? ಒಂದು ಬನ್ನು. ಒಂಬತ್ತು ವರ್ಷದ ಹಿಂದೆ ಒಂದ್ ಮಗು ಬನ್ನನ್ನ ಕಡಲಿಗೆ ಎಸೀತು. ನಮ್ ಗ್ಲಾಡಿಸ್ ಅದರ ಹಿಂದೆ ಹೋದ್ಲು. ತಿಂದ್ಲು. ಇನ್ನೊಂದ್ ಬರತ್ತೆ ಅಂತ ಅಲ್ಲೇ ನಿಂತ್ಲು. ಅಷ್ಟರಲ್ಲಿ ಉಬ್ಬರ ಶುರುವಾಯ್ತು. ನಾನು ಎಳೆದೆ, ದೋಣಿಯವರು ಇಬ್ರು ಎಳೆದ್ರು, ಜಪ್ಪಯ್ಯ ಅಂದ್ರೂ ಅಲುಗ್ಲಿಲ್ಲ. ಫೋಟೋದವನು ನಕ್ಕೊಂಡು ಫೋಟೋ ಹೊಡೆದ. ಕಡಲೇ ಸಾಕಾಗಿ ವಾಪಸ್ ಹೋಯ್ತು, ಇವಳು ಹೋಗ್ಲಿಲ್ಲ. ಇದು ಮೂಲ. ಅರ್ಥ ಏನು ಅಂತ ನಂಗೆ ಗೊತ್ತಿಲ್ಲ."

ಯಾರೋ ಚಪ್ಪಾಳೆ ತಟ್ಟಿದರು. ಐವಿ ಅವರ ಕಡೆ ತಿರುಗಿ ನೋಡಲಿಲ್ಲ.

"ನಕ್ರಲ್ಲಾ, ನಗಿ. ಮೂವತ್ತೊಂದು ವರ್ಷದಿಂದ ನಿಮ್ ಮಕ್ಕಳನ್ನ, ನಿಮ್ಮನ್ನ, ಈ ಹರ್ಬರ್ಟನ್ ಮಕ್ಕಳನ್ನೂ ಬೆನ್ ಮೇಲೆ ಹೊತ್ಕೊಂಡು ತಿರುಗಿದಾವೆ. ಸೋಮವಾರ ಇಲ್ಲಿಂದ ಓಡಿಸ್ತಾರೆ. ಪಟ್ಟೆ ಪಟ್ಟೆ ಕುರ್ಚಿ ಹಾಕ್ತಾರೆ. ಇವನ್ನ ಅಂಟಿನ ಕಾರ್ಖಾನೆಯವನು ಲಾರೀಲಿ ತಗೊಂಡ್ ಹೋಗ್ತಾನೆ. ನಾನು ಇವಕ್ಕೆ ಇನ್ನೂ ಹೇಳಿಲ್ಲ. ನಂಗೆ ಹೇಳೋಕೆ ಬಾಯಿ ಬರ್ತಿಲ್ಲ."

ನಗು ನಿಂತಿತು. ಹೋಟೆಲಿನ ಯಜಮಾನಿ ಮೂಗು ಒರೆಸಿಕೊಂಡಳು.

ಲೀಕ್ ಎದ್ದು ವೇದಿಕೆಯ ಪಕ್ಕಕ್ಕೆ, ಕತ್ತೆಗಳ ಹತ್ತಿರ ಬಂದ. ಅವನೂ ನಗುವುದನ್ನು ನಿಲ್ಲಿಸಿದ್ದ.

"ನಮ್ಮೂರಿಗೆ ಬಾರಮ್ಮಾ ಐವಿ," ಎಂದ. "ನಮ್ ದಂಡೇನೂ ಉದ್ದ ಇದೆ. ಕೊಟ್ಟಿಗೆ ಕೊಡ್ತೀನಿ, ಹುಲ್ಲು ಕೊಡ್ತೀನಿ. ಏಡಿ ನೋಡಿ ನೋಡಿ ನಮ್ಗೂ ಸಾಕಾಗಿದೆ. ಲಂಡನ್ ಸ್ವಾಮಿಗಳೇ, ಇವರಿಗೆ ಬೇಡದೇ ಇದ್ರೆ ಆ ಲಾಂಛನನೂ ನಮ್ಗೇ ಬರ್ದುಕೊಡಿ. ಇಡೀ ಇಂಗ್ಲೆಂಡಲ್ಲಿ ಹ್ಯಾಟ್ ಹಾಕಿರೋ ಕಡಲಕುದುರೆ ಇದೊಂದೇ. ಜನ ರೈಲ್ ಹತ್ತಿ ನೋಡೋಕ್ ಬರ್ತಾರೆ!"

ಸರ್ ಪೆರಿಗ್ರಿನ್ ಗಡ್ಡ ಸವರಿಕೊಂಡರು. "ಮಾಡ್ಬಹುದು. ಲಾಂಛನ ಕೊಟ್ಟ ರಾಜರ ಸನ್ನದಿನಲ್ಲಿ 'ಸ್ಕಟಲ್‌ಬಿಯ ಮರಳದಂಡೆಯ ಕಡಲಕುದುರೆ' ಅಂತಿದೆ. ದಂಡೆ ಮೇಲೆ ಅದು ಇಲ್ಲ ಅಂದ್ಮೇಲೆ ರಾಜರ ಮಾತು ಸುಳ್ಳಾಗತ್ತೆ. ಊರಿನ ಹೆಸರು ಬದಲಾಯಿಸಿದ್ರೆ ಆಯ್ತು."

ಮೇಯರ್ ಹರ್ಬರ್ಟ್ ಬಾರಿಲ್ ಮುಖದಿಂದ ಕೈ ತೆಗೆದ. ಲೀಕ್ ಐವಿಗೆ ಕೈ ಚಾಚಿದ್ದನ್ನು ನೋಡಿದ. ಬಿಸ್ಕತ್ತಿನ ಮೂಗು ಸವರುತ್ತಿದ್ದ ಲೀಕನ ಇನ್ನೊಂದು ಕೈಯನ್ನೂ ನೋಡಿದ. ಅವನ ಕತ್ತಿನ ನರಗಳು ಉಬ್ಬಿದವು.

"ಕೈ ತೆಗಿಯಯ್ಯಾ!" ಎಂದು ಗುಡುಗಿದ. "ಯಾರ್ ಕತ್ತೆ ಅಂದ್ಕೊಂಡಿದೀಯ? ನಮ್ಮೂರ್ ಕತ್ತೆ! ರಾಜರ ಮುದ್ರೆ ಬಿದ್ದಿರೋ ಕತ್ತೆ! ಸಾಸೇಜಿನ ಗಿರಾಕಿಗಳನ್ನ ಕದ್ದಿದ್ ಸಾಲ್ದು ಅಂತ ಈಗ ಕತ್ತೆ ಕದಿಯೋಕ್ ಬಂದ್ಯಾ?"

"ನೀನೇ ಓಡಿಸ್ತಿದ್ಯಲ್ಲಪ್ಪಾ."

"ಯಾವನ್ ಹೇಳ್ದ? ಒಂದು ಕತ್ತೇನೂ ಈ ದಂಡೆ ಬಿಟ್ಟು ಹೋಗಲ್ಲ!"

ಜನ ಹೋ ಎಂದು ಕೂಗಿದರು. ಬ್ಯಾಂಡಿನವನು ಯಾರೂ ಹೇಳದೆಯೇ ಡೋಲು ಬಾರಿಸಿದ. ಐವಿ ಮಾತ್ರ ಇದ್ದಲ್ಲಿಂದ ಕದಲಲಿಲ್ಲ. ಹರ್ಬರ್ಟನ ಬಿಸಿ ಎಷ್ಟು ಹೊತ್ತಿನದು ಎಂದು ಅವಳಿಗೆ ಮೂರನೇ ತರಗತಿಯಿಂದಲೇ ಗೊತ್ತಿತ್ತು.

"ಬರೆದುಕೊಡು," ಎಂದಳು.

"ಏನು?"

"ಈಗ ಹೇಳಿದ್ದು. ಬೇಸಿಗೆ ಮುಗಿಯೋ ತನಕ ಅಂತಲ್ಲ. ನಾನ್ ಇರೋ ತನಕ, ಅವು ಇರೋ ತನಕ ಅಂತ. ಇಲ್ಲಾಂದ್ರೆ ನಾನು ಟಡಲ್‌ಸೀಗೆ ಹೊರಟೆ."

"ಆಯ್ತಮ್ಮಾ, ಆಯ್ತು! ಗುಮಾಸ್ತನ್ನ ಕರೀರಿ!"

"ಗುಮಾಸ್ತನ್ನ ಈಗ ತಾನೆ ತೆಗೆದ್ರಿ ಸಾರ್," ಎಂದ ಓಡ್ಲಿಂಗ್.

"ಮತ್ತೆ ಸೇರಿಸ್ಕೊಂಡೆ ಕಣೋ! ಬರಿ! ನಾನ್ ಹೇಳಿದ್ ಹಾಗೇ ಬರಿ!"

ಓಡ್ಲಿಂಗ್ ಹೇಳಿದ ಹಾಗೆಯೇ ಬರೆದ. 'ಆಯ್ತಮ್ಮಾ ಆಯ್ತು, ಗುಮಾಸ್ತನ್ನ ಕರೀರಿ' ಎಂಬುದನ್ನೂ ಸೇರಿಸಿ ಬರೆದ. ಅದನ್ನು ಹೊಡೆದುಹಾಕಿಸಿ, ಉಳಿದದ್ದರ ಕೆಳಗೆ ಮೇಯರ್ ರುಜು ಹಾಕಿದ. ಸರ್ ಪೆರಿಗ್ರಿನ್ ಸಾಕ್ಷಿಯಾಗಿ ಇನ್ನೊಂದು ರುಜು ಹಾಕಿ, ಇಂಥ ದಾಖಲೆಗೆ ಅರಗು ಇಲ್ಲದಿದ್ದರೆ ಹೇಗೆ ಎಂದು ತಮ್ಮ ಪೆಟ್ಟಿಗೆಯಿಂದ ಕೆಂಪು ಅರಗು ತೆಗೆದು ಮೊಹರು ಒತ್ತಿದರು. ಐವಿ ಕಾಗದವನ್ನು ಎರಡು ಸಲ ಓದಿದಳು. ಎರಡನೇ ಸಲ ಅಕ್ಷರಗಳು ಕಲಸಿಹೋಗಿ ಏನೂ ಕಾಣಲಿಲ್ಲ. ಅದನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡು ವೇದಿಕೆಯಿಂದ ಇಳಿದಳು.

ಕೆಳಗೆ ಕತ್ತೆಗಳು ಈ ಗಲಾಟೆಯಲ್ಲಿ ವೇದಿಕೆಯ ಹೂವಿನ ಸರವನ್ನೆಲ್ಲ ಮೇಯ್ದು ಮುಗಿಸಿದ್ದವು. ಐವಿ ಎಷ್ಟೋ ವಾರಗಳ ಮೇಲೆ ಅವುಗಳ ಮುಖದ ಎದುರಿಗೆ ಬಂದು ನಿಂತಳು. ಒಂದೊಂದರ ಗಲ್ಲ ಹಿಡಿದು, ಒಂದೊಂದಕ್ಕೂ ಬೇರೆ ಬೇರೆಯಾಗಿ ಹೇಳಿದಳು.

"ಮರ್ಟಲ್, ಎಲ್ಲೂ ಹೋಗಲ್ಲ ಕಣೇ. ಕ್ಯಾಪ್ಟನ್, ಕೇಳಿಸ್ತಾ? ಇಲ್ಲೇ ಇರ್ತೀವಿ. ಬಿಸ್ಕತ್ತೂ, ಇಲ್ಲೇ. ಎನಿಡ್, ನನ್ ಚಿನ್ನಾ, ಲಾರಿ ಗೀರಿ ಏನೂ ಇಲ್ಲ."

ಯಾವುದೂ ತಲೆ ಎತ್ತಲಿಲ್ಲ. ಗ್ಲಾಡಿಸ್ ವೇದಿಕೆಯಿಂದ ಕೆಳಗೆ ಉದುರಿದ್ದ ಮೇಯರನ ಭಾಷಣದ ಕೊನೆಯ ಹಾಳೆಯನ್ನು ಅಗಿದು ನುಂಗಿ, ಇನ್ನೂ ಏನಾದರೂ ಸಿಗಬಹುದೆಂದು ಐವಿಯ ಜೇಬಿಗೆ ಮೂತಿ ತೂರಿಸಿದಳು. ಐವಿ ಒಂದು ಕೈಯಿಂದ ಜೇಬನ್ನು ಬಿಗಿಯಾಗಿ ಮುಚ್ಚಿ ಹಿಡಿದು, ಇನ್ನೊಂದು ಕೈಯಿಂದ ಅವಳ ಕುತ್ತಿಗೆ ತಬ್ಬಿಕೊಂಡು, ಊರವರೆಲ್ಲ ನೋಡುತ್ತಿದ್ದರೂ ಗೊಳೋ ಎಂದು ಅತ್ತಳು.

"ಇದೊಂದ್ ಕಾಗದ ಮಾತ್ರ ಕೊಡಲ್ಲ ಕಣೇ," ಎಂದಳು. "ಇದೊಂದನ್ನ ಮಾತ್ರ ತಿನ್ಬೇಡ."